ಟ್ಯಾಬಿನಿಂದ ಕಂಪ್ಯೂಟರಿಗೆ, ಅಂಕೋಲೆಯ ಮಾರ್ಗವಾಗಿ

ಕಾರವಾರದ ನಮ್ಮ ಮನೆಯಲ್ಲಿ ಊಟದ ಮೇಜಿಗೂ ಕಂಪ್ಯೂಟರಿಗೂ ನಡುವೆ ಇರುವುದು ಒಂದು ಬಾಗಿಲು, ಒಂದು ಪರದೆ. ಮೇಜಿನ ಮೇಲಿಟ್ಟ ಟ್ಯಾಬಿನಿಂದ ಒಂದು ಫೈಲು ಈ ಬಾಗಿಲು ದಾಟಿ ಕಂಪ್ಯೂಟರಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಕೇಳಿದರೆ, ಫೈಲು ಯಾರದು ಎಂದು ನಾನು ಈಗ ಮರುಪ್ರಶ್ನೆ ಹಾಕುತ್ತೇನೆ. ಬೋಟಿನ ಮಾಲೀಕನದಾದರೆ ಅದು ಮೊದಲು ಅಂಕೋಲೆಗೆ ಹೋಗಿ ಬರಬೇಕಾಗುತ್ತದೆ.

ಆ ಮಾಲೀಕ ನನ್ನ ಶಾಲೆಯ ಸಹಪಾಠಿ. ಬೈತಖೋಲ ಬಂದರಿನಲ್ಲಿ ಅವನದೊಂದು ಟ್ರಾಲ್ ಬೋಟು ಇದೆ. ಸಮುದ್ರದಲ್ಲಿ ಎಲ್ಲಿ ಬಲೆ ಎಳೆದರೆ ಮೀನು, ಎಲ್ಲಿ ಎಳೆದರೆ ಅಡಿಯ ಕಲ್ಲಿಗೆ ಸಿಕ್ಕಿ ಬಲೆ ಚಿಂದಿ ಎಂಬ ಗುರುತುಗಳನ್ನು ಅವನು ವರ್ಷಗಟ್ಟಲೆ ಕೂಡಿಟ್ಟಿದ್ದ. ಬೋಟಿನ ಯಂತ್ರದಲ್ಲಿ ಇಟ್ಟರೆ ಕೆಲಸದವರು ನೋಡುತ್ತಾರೆ, ಅವರು ಮುಂದಿನ ವರ್ಷ ಬೇರೆ ಬೋಟಿಗೆ ಹೋಗುತ್ತಾರೆ. ಹಾಗಾಗಿ ನಿಜವಾದ ಗುರುತುಗಳು ಒಂದು ಟ್ಯಾಬಿನಲ್ಲಿದ್ದವು. ಟ್ಯಾಬು ಪ್ಲಾಸ್ಟಿಕ್ ಚೀಲದಲ್ಲಿತ್ತು. ಚೀಲ ಅವನ ದಿಂಬಿನ ಕೆಳಗಿತ್ತು.

ಇಷ್ಟೆಲ್ಲ ಗುಟ್ಟು ಮುಖ್ಯವಾಗಿ ಒಬ್ಬನ ಸಲುವಾಗಿ. ಅವನ ಚಿಕ್ಕಪ್ಪನ ಮಗ. ಮೊದಲು ಇಬ್ಬರೂ ಕೂಡಿ ಒಂದೇ ಬೋಟು ನಡೆಸುತ್ತಿದ್ದರು. ಬೇರೆಯಾದ ಮೇಲೆ ಚಿಕ್ಕಪ್ಪನ ಮಗ ಬೇಲೇಕೇರಿಗೆ ಹೋಗಿ ಅಲ್ಲಿಂದ ಬೋಟು ಬಿಡತೊಡಗಿದ. ಇಬ್ಬರೂ ಮಾತಾಡುತ್ತಾರೆ, ಮದುವೆ ಮುಂಜಿಗಳಲ್ಲಿ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಮೀನಿನ ವಿಷಯ ಮಾತ್ರ ಎತ್ತುವುದಿಲ್ಲ. ಆ ಗುರುತುಗಳು ಕೈತಪ್ಪಿದರೆ ಚಿಕ್ಕಪ್ಪನ ಮಗನ ಬೋಟಿನ ಹಿಂದೆ ಹಿಂದೆ ಹೋಗಿ ಬಲೆ ಬಿಡಬೇಕಾಗುತ್ತದೆ, ಅದಕ್ಕಿಂತ ಬೋಟು ಮಾರುವುದೇ ವಾಸಿ ಎಂದು ಗೆಳೆಯ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ. ಹೇಳಲು ಕಾರಣ, ಟ್ಯಾಬಿನ ಚಾರ್ಜಿಂಗ್ ತೂತು ಉಪ್ಪುನೀರಿಗೆ ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಕೇಬಲ್ ಒಳಗೆ ಸೇರುತ್ತಿರಲಿಲ್ಲ. ಬ್ಯಾಟರಿಯಲ್ಲಿ ಉಳಿದದ್ದೇ ಅದರ ಆಯುಸ್ಸು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವುದಕ್ಕೆ ಹೆಚ್ಚು ದಿನ ಇರಲಿಲ್ಲ.

ರಿಪೇರಿ ಅಂಗಡಿಗೆ ಕೊಡು ಎಂದೆ. ಅಂಗಡಿಯವನು ಚಿಕ್ಕಪ್ಪನ ಮಗನ ಹೆಂಡತಿಗೆ ದೂರದ ಸಂಬಂಧವಂತೆ. ಕಾರವಾರದಲ್ಲಿ ಯಾರು ಯಾರಿಗೆ ದೂರದ ಸಂಬಂಧ ಅಲ್ಲ ಎಂದು ವಾದಿಸುವುದು ವ್ಯರ್ಥ. ಕಾಗದದಲ್ಲಿ ಬರೆದುಕೊಳ್ಳೋಣ ಎಂದೆ. ಅಷ್ಟು ಗುರುತು ಬರೆಯುವಷ್ಟರಲ್ಲಿ ಬ್ಯಾಟರಿ ಸಾಯುತ್ತದೆ, ಮೇಲಾಗಿ ಒಂದು ಅಂಕಿ ತಪ್ಪಿದರೂ ಬಲೆ ಕಲ್ಲಿನ ಮೇಲೆ ಹೋಗುತ್ತದೆ ಎಂದ. ಅದು ನಿಜ. ನಾನು ಕೆಲಸ ಮಾಡಿದ ಪತ್ರಿಕೆಯಲ್ಲಿ ಅಂಕಿ ತಪ್ಪಿದರೆ ಮರುದಿನ ಒಳಪುಟದ ಮೂಲೆಯಲ್ಲಿ ವಿಷಾದಿಸಬಹುದು. ಸಮುದ್ರದಲ್ಲಿ ಆ ಸೌಲಭ್ಯವಿಲ್ಲ.

ಉಳಿದದ್ದು ಒಂದೇ ದಾರಿ. ತಂತಿ ಇಲ್ಲದೆ, ವೈಫೈ ಮೂಲಕ ಟ್ಯಾಬಿನಿಂದ ನನ್ನ ಕಂಪ್ಯೂಟರಿಗೆ ಕಳಿಸುವುದು. ಟ್ಯಾಬಿನಲ್ಲಿ ಒಂದು ಗುಂಡಿ, ಕಂಪ್ಯೂಟರಿನಲ್ಲಿ ಒಂದು ಗುಂಡಿ. ಇದನ್ನು ನಾನು ಬಹಳ ಹಗುರವಾಗಿ ಹೇಳಿದೆ. ಅವನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

"ಗಾಳಿಲಿ ಹೋಗೂದನ್ನ ಎಲ್ಲಾರೂ ಕೇಳ್ತ್ರು ಮಾರಾಯ," ಎಂದ. "ಇಷ್ಟು ವರ್ಷ ಬೋಟಿನ ರೇಡಿಯೊ ಹಿಡ್ದವ ನಾನು. ನಂಗೆ ಹೇಳ್ಬೇಡ."

ಬೋಟಿನ ರೇಡಿಯೊದಲ್ಲಿ ಒಬ್ಬ ಬಾಯಿ ಬಿಟ್ಟರೆ ಸುತ್ತಲಿನ ಬೋಟುಗಳಿಗೆಲ್ಲ ಕೇಳುತ್ತದೆ. ಆದ್ದರಿಂದ ಬಲೆ ತುಂಬಿ ಬೋಟು ವಾಲಿದಾಗಲೂ ಇವನು ರೇಡಿಯೊದಲ್ಲಿ, ಏನೂ ಇಲ್ಲ, ಡೀಸೆಲ್ ದಂಡ ಎಂದೇ ಹೇಳುವುದು. ಉಳಿದವರೂ ಹಾಗೆಯೇ. ಎಲ್ಲರೂ ಸುಳ್ಳು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ದಿನವಿಡೀ ಕಿವಿಗೊಟ್ಟು ಕೇಳುವ ಮಾಧ್ಯಮ ಅದು. ಸುದ್ದಿಮನೆಯಲ್ಲಿ ಆಯುಷ್ಯ ಕಳೆದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವೈಫೈಗೆ ಪಾಸ್‌ವರ್ಡ್ ಇರುತ್ತದೆ, ಪಕ್ಕದ ಮನೆಗೆ ಕೇಳಿಸುವುದಿಲ್ಲ ಎಂದು ವಿವರಿಸಿದೆ. ಸಮುದ್ರಕ್ಕೆ ಇಳಿಯದವನು ಹೇಳುವ ಹವಾಮಾನ ವರದಿಯನ್ನು ಕೇಳುವ ಹಾಗೆ ಅವನು ಕೇಳಿದ. ಆಮೇಲೆ ನಮ್ಮ ಬೀದಿಯನ್ನು ಎಣಿಸತೊಡಗಿದ. ಪಕ್ಕದ ಮನೆಯ ಬಾಡಿಗೆದಾರ ಮೀನಿನ ಏಜೆಂಟ್. ಎದುರಿನವರದು ಐಸ್ ಪ್ಲಾಂಟ್. ಹಿಂದಿನ ಮನೆಯವನ ಮಾವ ಬೋಟು ನಡೆಸುವ ತಾಂಡೇಲ. ಹೊಳೆಯಾಚೆ ಕಿನ್ನರ ಊರಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗೋಣವೇ ಎಂದರೆ ಅಲ್ಲಿ ದೋಣಿಯವರು ಇದ್ದಾರೆ. ಮೀನು ಹಿಡಿಯುವವರೇ ಇಲ್ಲದ ಜಾಗ ಬೇಕು ಎಂದ.

ಅಂಥ ಜಾಗ ಅವನಿಗೆ ಮೊದಲೇ ಗೊತ್ತಿತ್ತು. ನನ್ನ ಹೆಂಡತಿಯ ತವರು, ಅಂಕೋಲೆಯಿಂದ ಒಳಗೆ ಇರುವ ಹಳ್ಳಿ. ಸುತ್ತ ಗದ್ದೆ, ತರಕಾರಿ ಹಿತ್ತಿಲು. ಅಲ್ಲಿನವರಿಗೆ ಸಮುದ್ರವೆಂದರೆ ಅಮಾವಾಸ್ಯೆಗೆ ಮೀಯುವ ನೀರು.

ಹೀಗಾಗಿ ತಂತಿ ಇಲ್ಲದೆ ಫೈಲು ಕಳಿಸುವ ಸಲುವಾಗಿ ನನ್ನ ಕಂಪ್ಯೂಟರನ್ನು, ಅದರ ಪರದೆಯನ್ನು, ಕೀಲಿಮಣೆಯನ್ನು, ವೈಫೈ ಪೆಟ್ಟಿಗೆಯನ್ನು, ಯುಪಿಎಸ್ಸನ್ನು ಮತ್ತು ಇವುಗಳನ್ನೆಲ್ಲ ಒಂದಕ್ಕೊಂದು ಕಟ್ಟುವ ಒಂದು ಬುಟ್ಟಿ ತಂತಿಯನ್ನು ಗೂಡ್ಸ್ ರಿಕ್ಷಾಕ್ಕೆ ಏರಿಸಲಾಯಿತು. ಅವನ ಇನ್ನೊಂದು ಷರತ್ತಿನ ಪ್ರಕಾರ ನನ್ನ, ನನ್ನ ಹೆಂಡತಿಯ ಮತ್ತು ಅವನದೇ ಫೋನುಗಳನ್ನು ಆರಿಸಿ ನಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಅವನ ಫೋನಿನಲ್ಲಿ ಬಂದರಿನ ಎಲ್ಲ ಗುಂಪುಗಳೂ ಇದ್ದವು, ಆದ್ದರಿಂದ ಅವನಿಗೆ ಅದರ ಮೇಲೆಯೇ ಹೆಚ್ಚು ಅನುಮಾನ.

"ಫೈಲು ಹಾರಿ ಬತ್ತದೆ ಅಂದ್ರಿ," ಎಂದಳು ಹೆಂಡತಿ. "ಈಗ ನೋಡಿದ್ರೆ ಕಂಪ್ಯೂಟರೇ ಹೊರಟದೆ."

ಅವಳೂ ಬಂದಳು. ಬಿಟ್ಟಿಯಲ್ಲಿ ತವರಿಗೆ ಹೋಗುವ ಸಂದರ್ಭ ಅವಳಿಗೆ ಅಪರೂಪ. ಅರ್ಗಾದಲ್ಲಿ ನೌಕಾನೆಲೆಯ ಉದ್ದ ಗೋಡೆ ಶುರುವಾದಾಗ ಗೆಳೆಯ ಆರಿಸಿದ್ದ ಟ್ಯಾಬನ್ನೇ ಮತ್ತೊಮ್ಮೆ ಆರಿಸಿ, ಟವೆಲಿನಲ್ಲಿ ಸುತ್ತಿ, ಮೇಲೆ ಕೂತ. ದೇಶದ ಕಡಲಸೇನೆಗೆ ಸಿಗಡಿ ಎಲ್ಲಿ ಸಿಗುತ್ತದೆಂಬ ಮಾಹಿತಿ ಸೋರಿಹೋಗಬಾರದಲ್ಲ. ಗೋಡೆ ಮುಗಿದ ಮೇಲೆಯೇ ಅವನು ಸರಿಯಾಗಿ ಉಸಿರಾಡಿದ್ದು.

ನನ್ನ ಅತ್ತೆ ಹಿತ್ತಿಲಿನ ತರಕಾರಿಯನ್ನು ಅಂಕೋಲೆ ಪೇಟೆಗೆ ಒಯ್ದು ಮಾರುವವರು. ಅವತ್ತು ಜಗಲಿಯಲ್ಲಿ ಕೂತು ಹರಿವೆ ಕಟ್ಟು ಕಟ್ಟುತ್ತಿದ್ದರು. ನಾವು ಇಳಿಸಿದ್ದನ್ನೆಲ್ಲ ನೋಡಿ, ಟಿವಿ ತಂದದ್ದೋ ಎಂದು ವಿಚಾರಿಸಿದರು. ವಾಯರ್ ಇಲ್ಲದೆ ಫೈಲ್ ಕಳಿಸುವ ಕೆಲಸ ಅಮ್ಮ, ಎಂದ ಗೆಳೆಯ ತುಸು ಹೆಮ್ಮೆಯಿಂದಲೇ. ಅವರು ಬುಟ್ಟಿಯಲ್ಲಿದ್ದ ತಂತಿಗಳ ಮುದ್ದೆಯನ್ನು ದಿಟ್ಟಿಸಿದರು.

"ಹಂಗಾರೆ ಇದೆಲ್ಲ ಎಂತದು ತಮಾ?"

ನಾವು ತಂತಿ ಬಿಡಿಸಿ ಜೋಡಿಸತೊಡಗಿದೆವು. ಟ್ಯಾಬಿನ ಪರದೆ ಬೆಳಗಿತು. ಬ್ಯಾಟರಿಯ ಚಿತ್ರ ಆಗಲೇ ಕೆಂಪಾಗಿತ್ತು. ಕಳಿಸು ಒತ್ತಿದಾಗ ಪರದೆಯ ಮೇಲೆ ಹಸಿರು ಗೆರೆ ತೆವಳತೊಡಗಿತು. ನಿಧಾನ. ಪ್ರತಿ ಗುರುತಿಗೂ ಅವನು ಬೋಟಿನ ಯಂತ್ರದ ಪರದೆಯ ಫೋಟೊ ಹೊಡೆದು ಸೇರಿಸಿದ್ದರಿಂದ ಫೈಲು ಆನೆಯಷ್ಟಾಗಿತ್ತು. ಗೆರೆ ಅರ್ಧ ದಾಟಿತು. ಅವನು ಕೈಮುಗಿದುಕೊಂಡು ಕೂತಿದ್ದ.

ಆಗ ಕರೆಂಟು ಹೋಯಿತು. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ. ಕದ್ರಾ ಅಣೆಕಟ್ಟು ತುಂಬಿದೆಯೆಂದು ಬೆಳಿಗ್ಗೆಯಷ್ಟೇ ಪೇಪರಿನಲ್ಲಿ ಓದಿದ್ದೆ. ನಮ್ಮ ಜಿಲ್ಲೆಯಲ್ಲಿ ಕರೆಂಟು ಉತ್ಪಾದನೆಯಾಗುತ್ತದೆ. ಬಳಕೆಯ ವ್ಯವಸ್ಥೆ ಬೇರೆಡೆ ಇದೆ. ಯುಪಿಎಸ್ಸು ಕೀಂಯ್ ಎಂದು ಒಮ್ಮೆ ಕೂಗಿ, ತನ್ನ ಕರ್ತವ್ಯ ಮುಗಿಯಿತೆಂಬಂತೆ ಸುಮ್ಮನಾಯಿತು. ಕಂಪ್ಯೂಟರ್ ಸತ್ತಿತು, ವೈಫೈ ಪೆಟ್ಟಿಗೆ ಸತ್ತಿತು. ಜೀವ ಇದ್ದದ್ದು ಟ್ಯಾಬಿಗೆ ಮಾತ್ರ, ಅದೂ ಶೇಕಡಾ ಒಂದಂಕಿಯಷ್ಟು.

ಫೋಟೊಗಳನ್ನು ಬಿಟ್ಟು ಬರೀ ಗುರುತುಗಳನ್ನು ಕಳಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ, ಅದಕ್ಕೆ ಪೆಟ್ಟಿಗೆಯೂ ಬೇಡ, ಹತ್ತಿರ ಒಂದು ಫೋನ್ ಇದ್ದರೆ ಸಾಕು ಎಂದೆ. ನಮ್ಮ ನಂಬಿಕಸ್ಥ ಫೋನುಗಳೆಲ್ಲ ಕಾರವಾರದ ಕಪಾಟಿನಲ್ಲಿ ಬೀಗದೊಳಗೆ ಭದ್ರವಾಗಿದ್ದವು. ಅಷ್ಟರಲ್ಲಿ ಟ್ಯಾಬಿನ ಪರದೆಯ ಮೇಲೆ, ಹತ್ತಿರದ ಸಾಧನಗಳು ಎಂಬುದರ ಕೆಳಗೆ, ಒಂದೇ ಒಂದು ಹೆಸರು ಮೂಡಿತು: 'ಅಜ್ಜಿ'. ನನ್ನ ಮಗಳು ರಜೆಯಲ್ಲಿ ಬಂದಾಗ ಇಟ್ಟ ಹೆಸರು. ಅತ್ತೆಯ ಫೋನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಧಾರಾವಾಹಿ ಹಾಡುತ್ತ ಕೂತಿತ್ತು. ಇಷ್ಟು ಜಾಗ್ರತೆಯ ಮನುಷ್ಯ ಆ ಮುದುಕಿಗೂ ಒಂದು ಫೋನಿರಬಹುದೆಂದು ಕೇಳಿಯೇ ಇರಲಿಲ್ಲ.

ಈಗ ಕೇಳಿದ. ಫೋನು ಯಾರ ಕೈಗೆಲ್ಲ ಹೋಗುತ್ತದೆ ಎಂದು.

"ಯಾರ್ ಬಂದ್ರೂ ಕೊಡ್ತೆ," ಎಂದರು ಅತ್ತೆ. "ನಂಗೆ ಅಕ್ಷರ ಕಾಣೂದಿಲ್ಲ. ಬೆಳಿಗ್ಗೆ ಮೀನ್ ಮಾರೂ ಹೆಂಗ್ಸು ಬತ್ತದಲ, ಅದೇ ಮೆಸೇಜು ಓದಿ ಹೇಳ್ತದೆ."

"ಎಲ್ಲಿಂದು ಅದು?"

"ಬೇಲೇಕೇರಿದು. ಅದ್ರ ಗಂಡಂದೇ ಬೋಟ್ ಅದೆ. ಮೊದ್ಲು ಕಾರವಾರದಲ್ಲೇ ಇದ್ರಂತೆ. ಭಾಳ ಒಳ್ಳೇದು ಪಾಪ, ಎಲ್ಲ ಒತ್ತಿ ಕೊಡ್ತದೆ."

ಗೆಳೆಯ ಹರಿವೆ ಸೊಪ್ಪಿನ ಮೇಲೆಯೇ ಕೂತುಬಿಟ್ಟ. ಚಿಕ್ಕಪ್ಪನ ಮಗನ ಹೆಂಡತಿ ಬುಟ್ಟಿ ಹೊತ್ತು ಯಾವ ಯಾವ ಹಳ್ಳಿಗೆ ಹೋಗುತ್ತಾಳೆಂದು ಅವನು ಎಂದೂ ಯೋಚಿಸಿರಲಿಲ್ಲ. ಮೀನು ಹಿಡಿಯದ ಊರು ಹುಡುಕಿದ್ದ. ಮೀನು ತಿನ್ನದ ಊರು ಹುಡುಕಬೇಕಿತ್ತು.

ಟ್ಯಾಬು ಕೊನೆಯ ಎಚ್ಚರಿಕೆ ಕೊಟ್ಟಿತು. ಗೆಳೆಯ ಅದನ್ನು ನನ್ನ ಕೈಗೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಗುರುತು ನಿನ್ನದು, ಒತ್ತುವುದೂ ನೀನೇ ಎಂದೆ. ಅವನು ಒಮ್ಮೆ ಟ್ಯಾಬನ್ನು, ಒಮ್ಮೆ ಅಡುಗೆಮನೆಯ ಬಾಗಿಲನ್ನು ನೋಡಿದ. ಆಮೇಲೆ 'ಅಜ್ಜಿ'ಯ ಮೇಲೆ ಬೆರಳಿಟ್ಟ. ಒಳಗೆ ಫೋನು ಟಿಂಗ್ ಎಂದಿತು. ಪರದೆಯ ಮೇಲೆ ಏನು ಹೊಳೆದರೂ ಒತ್ತುವುದು ಅತ್ತೆಯ ಅಭ್ಯಾಸ, ಒಳಗೆ ಹೋಗಿ ಇದನ್ನೂ ಒತ್ತಿದರು. ಟ್ಯಾಬು ಕಪ್ಪಾಯಿತು. ಆಮೇಲೆ ಅದು ಎದ್ದಿಲ್ಲ.

ಚಹಾ ಕುಡಿಯುವಷ್ಟರಲ್ಲಿ ಕರೆಂಟು ಬಂತು. ಫೋನಿನಿಂದ ಕಂಪ್ಯೂಟರಿಗೆ ಗುರುತುಗಳು ಅತ್ತೆಯ ಚಾರ್ಜರಿನ ತಂತಿಯ ಮೂಲಕ ಬಂದವು. ತಂತಿಯ ಮೂಲಕ ಎಂಬುದನ್ನು ನನ್ನ ಹೆಂಡತಿ ಎರಡು ಸಲ ಗಟ್ಟಿಯಾಗಿ ಹೇಳಿದಳು. ಒಂದೂ ತಪ್ಪಿರಲಿಲ್ಲ. ಗೆಳೆಯ ಪರದೆಯ ಮೇಲೆ ಬೆರಳಾಡಿಸುತ್ತ, ತಪ್ಪಿಸಿಕೊಂಡ ದನಗಳು ಸಂಜೆ ಕೊಟ್ಟಿಗೆಗೆ ಬಂದಾಗ ನೋಡುವಂತೆ ಒಂದೊಂದನ್ನೇ ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿ, ಅಮ್ಮ, ಫೋನಿನಲ್ಲಿರುವುದನ್ನು ಅಳಿಸಿಬಿಡುತ್ತೇನೆ, ಕೊಡಿ ಎಂದ.

ಅವರು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇರ್ಲಿ ತಮಾ. ಒಂದೇ ಕಡೆ ಇಟ್ಟು ಅಳೂ ಹಂಗಾಗಿತ್ತು. ಇಲ್ಲೂ ಒಂದು ಇರ್ಲಿ."

ಅವನು ನನ್ನ ಮುಖ ನೋಡಿದ. ನಾನು ತಂತಿ ಸುತ್ತತೊಡಗಿದೆ. ಮಾತು ಸರಿಯಾಗಿಯೇ ಇತ್ತು.

ಕಾರವಾರಕ್ಕೆ ಮರಳುವಾಗ ಅವನು ಅರ್ಗಾದ ಗೋಡೆಯನ್ನೂ ಗಮನಿಸಲಿಲ್ಲ. ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಅವನೊಂದು ಉಪಾಯ ಮಾಡಿದ್ದ. ಮೀನಿನವಳು ಬಾಗಿಲಿಗೆ ಬಂದರಲ್ಲವೇ ಫೋನು ಅವಳ ಕೈಗೆ ಹೋಗುವುದು? ಮನೆಯಲ್ಲಿ ಮೊದಲೇ ಮೀನಿದ್ದರೆ ಅವಳನ್ನು ಯಾರು ಕರೆಯುತ್ತಾರೆ? ಅಂದಿನಿಂದ ಅಂಕೋಲೆಗೆ ಹೋಗುವ ಮೀನಿನ ಟೆಂಪೊದಲ್ಲಿ ದಿನವೂ ನನ್ನ ಅತ್ತೆಮನೆಗೆ ಒಂದು ಕಟ್ಟು ಸಿಗಡಿ, ಅಲ್ಲಿನವರ ಬಾಯಲ್ಲಿ ಶೆಟ್ಲಿ, ತಲುಪತೊಡಗಿತು. ಗುಟ್ಟು ಕಾಯಲು ಇದಕ್ಕಿಂತ ಗದ್ದಲದ ಮಾರ್ಗ ನನಗೆ ಗೊತ್ತಿಲ್ಲ. ಊರಿಡೀ ಆ ಟೆಂಪೊದ ಹಾರ್ನ್ ಕೇಳುತ್ತಿತ್ತು. ಬೇಲೇಕೇರಿಯ ಹೆಂಗಸು ನಿನ್ನೆಯೂ ಮೀನು ತೆಗೆದುಕೊಳ್ಳದ, ಇಂದೂ ತೆಗೆದುಕೊಳ್ಳದ ಮನೆಯ ಅಂಗಳದಲ್ಲಿ ಬೆಕ್ಕು ಸಿಗಡಿ ಸಿಪ್ಪೆ ಮೆಲ್ಲುವುದನ್ನು ಕಂಡು, ಕೊಳ್ಳದಿದ್ದರೂ ದಿನಾ ನಿಂತು ಕ್ಷೇಮ ವಿಚಾರಿಸತೊಡಗಿದಳಂತೆ.

ಗಣೇಶ ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. ಅದೇ ಫೋನಿನಿಂದ.

"ನಿಮ್ಮ ಸ್ನೇಹಿತ್ರಿಗೆ ಒಂದ್ಮಾತು ಹೇಳಿ. ದಿನಾ ಶೆಟ್ಲಿ ತಿಂದು ತಿಂದು ಮೈ ತುರಿಸೂಕೆ ಹತ್ತದೆ. ಈ ಫೋನಲ್ಲಿ ಅಷ್ಟೊಂದು ಜಾಗ ಬರ್ದದೆ ಅಲ್ವಾ, ಒಂದಿನ ಬೇರೆ ಕಡೆ ಬಲೆ ಹಾಕೂಕೆ ಆಗೂದಿಲ್ವಾ ಅವ್ರಿಗೆ?"

ಅಕ್ಷರ ಕಾಣದವರಿಗೆ ಅದರಲ್ಲಿ ಎಷ್ಟು ಜಾಗ ಬರೆದಿದೆ ಎಂದು ಓದಿ ಹೇಳಿದವರು ಯಾರು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಸಂಜೆ ಬಂದರಿಗೆ ಹೋಗಿ, ಸ್ಥಳಾಭಾವದ ಕಾರಣ ಸುದ್ದಿಯನ್ನು ಮೊಟಕುಗೊಳಿಸಿ ಗೆಳೆಯನಿಗೆ ತಲುಪಿಸಿದೆ: ಅತ್ತೆಗೆ ಬೇರೆ ಮೀನು ಬೇಕಂತೆ.