ಮೊದಲು ಯಾರು ಕೂರೋದು?

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಸಾಲದು. ದಯವಿಟ್ಟು ಕ್ಷಮಿಸಿ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ನಾನು. ತಪ್ಪು ಉಳಿಯದಿರಲಿ ಎಂದು ಒಂದೊಂದು ಸಾಲನ್ನೂ ಮತ್ತೆ ಮತ್ತೆ ಓದಿ ಮುಂದೆ ಹೋಗುತ್ತಿದ್ದೇನೆ. ಬರೆಯುತ್ತಿರುವುದು ನನ್ನ ಚಿಕ್ಕಮ್ಮನ ಬಗ್ಗೆ.

ಚಿಕ್ಕಮ್ಮ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನವನ್ನು ಪರಿಚಯಿಸುತ್ತಾಳೆ. ಮೊದಲು ಅಲ್ಲೇ ಲ್ಯಾಬಿನಲ್ಲಿ ಯಂತ್ರಗಳ ಧೂಳು ಒರೆಸಿ, ವೈರು ಸಿಕ್ಕಿಸಿ, ಸಂಜೆ ಓದಿ ಪಾಸಾದವಳು. ಆದರೂ ಅಜ್ಜಿಗೆ ಅವಳ ಮೇಲೆ ನಂಬಿಕೆಯಿಲ್ಲ.

“ಕಂಪ್ಯೂಟರ್ ಟೀಚರ್ ಅಂತೆ! ನನ್ನ ಫೋನಿಂದ ಸದ್ದೇ ಬರ್ತಿಲ್ಲ, ಅದನ್ನ ಸರಿ ಮಾಡೋಕೆ ಬರಲ್ಲ.”

“ಅದು ಬೇರೆ ಅಂಗಡಿ ಅಮ್ಮ.”

“ಮತ್ತೆ ನಿನ್ನ ಅಂಗಡೀಲಿ ಏನು ಸಿಗುತ್ತೆ?”

ಇದಕ್ಕೆ ಉತ್ತರ ಹೇಳುವುದೇ ಚಿಕ್ಕಮ್ಮನ ಕೆಲಸ. ಈ ಓದು ಅಂದರೆ ಕೋಡ್ ಬರೆಯುವುದೊಂದೇ ಎಂದುಕೊಂಡು ಮಕ್ಕಳು ಬರುತ್ತಾರಂತೆ. ರಾಶಿಯಲ್ಲಿ ಬೇಕಾದ್ದನ್ನು ಬೇಗ ಹುಡುಕುವುದು, ಗುಟ್ಟನ್ನು ಗುಟ್ಟಾಗಿಯೇ ಕಳಿಸುವುದು, ಇರುವ ಒಂದೇ ವಸ್ತುವನ್ನು ಹಲವರು ಜಗಳವಾಡದೆ ಬಳಸುವುದು, ಯಾವ ಯಂತ್ರಕ್ಕೂ ಆಗದ ಕೆಲಸ ಯಾವುದೆಂದು ತಿಳಿಯುವುದು, ಎಲ್ಲವೂ ಅದರೊಳಗೇ ಇದೆ ಎನ್ನುತ್ತಾಳೆ. ಅದನ್ನು ತೋರಿಸಲು ಆಟ ಕಟ್ಟುತ್ತಾಳೆ. ಪ್ರತಿ ಆಟವನ್ನೂ ಮೊದಲು ನಮ್ಮ ಊಟದ ಮೇಜಿನ ಸುತ್ತ ಆಡಿಸುತ್ತಾಳೆ. ಚಿಕ್ಕಪ್ಪ ಈಗೀಗ “ಊಟಾನೋ, ಪಾಠಾನೋ?” ಎಂದು ಕೇಳಿಯೇ ಒಳಗೆ ಬರುತ್ತಾರೆ.

ಈ ವರ್ಷ ವಿಭಾಗದ ಮುಖ್ಯಸ್ಥರು ಚಿಕ್ಕಮ್ಮನ ಈ ಆಟದ ಪಾಠವನ್ನೇ ತೆಗೆದುಹಾಕಿ, ಆ ಹೊತ್ತನ್ನೂ ಕೋಡ್ ಅಭ್ಯಾಸಕ್ಕೆ ಕೊಡುವ ಯೋಚನೆಯಲ್ಲಿದ್ದರು. ಒಂದು ತರಗತಿ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು. ಪಾಠ ಹೋದರೆ ಚಿಕ್ಕಮ್ಮ ಮತ್ತೆ ಲ್ಯಾಬಿನ ಧೂಳಿಗೆ. ಏನೂ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೋ ನೋಡಬೇಕೆಂದು ನನ್ನನ್ನೂ ಕರೆದುಕೊಂಡು ಹೋದಳು.

ಅಂದಿನ ಪಾಠ, ಯಂತ್ರದೊಳಗಿನ ಕೆಲಸಗಳು ಸರದಿ ಕಾಯುವುದು ಹೇಗೆ ಎಂಬುದು. ಕುರ್ಚಿಗಳನ್ನು ವೃತ್ತವಾಗಿ ಇಡಿಸಿ, ಎಲ್ಲರನ್ನೂ ಅವುಗಳ ಮುಂದೆ ನಿಲ್ಲಿಸಿದಳು. ಮುಖ್ಯಸ್ಥರನ್ನೂ ಬಿಡಲಿಲ್ಲ.

“ನಿಯಮ ಒಂದೇ. ನಿಮ್ಮ ಬಲಗಡೆಯವರು ಕೂತ ಮೇಲೆ ನೀವು ಕೂರಬೇಕು. ಶುರು.”

ಎಲ್ಲರೂ ಬಲಕ್ಕೆ ನೋಡಿದರು. ಯಾರೂ ಕೂರಲಿಲ್ಲ. ಒಳ್ಳೆಯ ಮಕ್ಕಳು, ಹೇಳಿದ ಹಾಗೆ ನಿಂತೇ ಇದ್ದರು. ಫ್ಯಾನು ತಿರುಗುತ್ತಿತ್ತು. ನನ್ನ ಪಕ್ಕದ ಹುಡುಗಿ ಆಕಳಿಸಿದಳು.

“ಮೇಡಂ, ಮೊದಲು ಯಾರು ಕೂರೋದು?” ಎಂದ ಕನ್ನಡಕದ ಹುಡುಗ.

ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಆಗ ನನಗೂ ಹೊಳೆಯಿತು. ಮನೆಯಲ್ಲಿ ಆಡಿದಾಗ ನಿಯಮ ಹೇಳಿ ಮುಗಿಯುವ ಮೊದಲೇ ಅಜ್ಜಿ ಕೂತುಬಿಟ್ಟಿದ್ದಳು. ಆಮೇಲೆ ನಾವೆಲ್ಲ ಸಲೀಸಾಗಿ ಕೂತೆವು. ಆಟ ಸರಿಯಾಗಿದೆ ಎಂದುಕೊಂಡೆವು.

ಬೇಕೆಂದೇ ಹೀಗೆ ಮಾಡಿದೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ.

“ತಪ್ಪು ನನ್ನದು. ಮನೇಲಿ ನಮ್ಮಮ್ಮ ಯಾರಿಗೂ ಕಾಯದೆ ಕೂತುಬಿಡ್ತಾರೆ. ಇಲ್ಲಿ ಅವರಿಲ್ಲ ಅನ್ನೋದೇ ಮರೆತುಹೋಯ್ತು.”

“ಹಾಗಾದ್ರೆ ಅವರನ್ನೇ ಕರೆಸಿ ಮೇಡಂ!” ಎಂದ ಅದೇ ಹುಡುಗ. ಎಲ್ಲರೂ ನಕ್ಕರು.

“ಯಂತ್ರದೊಳಗೂ ಹೀಗೇ ಆಗುತ್ತೆ,” ಎಂದಳು ಚಿಕ್ಕಮ್ಮ. “ಒಬ್ಬರಿಗೊಬ್ಬರು ಕಾಯ್ತಾ ಎಲ್ಲ ನಿಂತುಹೋಗುತ್ತೆ. ಹೇಗೆ ಬಿಡಿಸ್ತೀರಿ, ಹೇಳಿ.”

ಚೀಟಿ ಎತ್ತೋಣ ಎಂದಳೊಬ್ಬಳು. ಗಿಡ್ಡಗಿರೋರು ಮೊದಲು ಎಂದ ಕನ್ನಡಕದವನು, ಅವನು ಗಿಡ್ಡ. ಇಬ್ಬರು ಒಂದೇ ಎತ್ತರ ಇದ್ದರೆ ಏನು ಮಾಡ್ತೀಯ ಎಂದು ಇನ್ನೊಬ್ಬಳು ಅವನ ಮೇಲೆ ಹರಿಹಾಯ್ದಳು. ಅಷ್ಟರಲ್ಲಿ ಮುಖ್ಯಸ್ಥರು, “ನನ್ನ ಮಂಡಿ ಕೇಳ್ತಿಲ್ಲಮ್ಮ,” ಎಂದು ಕೂತುಬಿಟ್ಟರು. ಅವರ ಎಡಗಡೆಯವಳು ಕೂತಳು, ಅವಳ ಎಡಗಡೆಯವನು ಕೂತ. ಹೀಗೇ ಸುತ್ತಿಕೊಂಡು ಬಂದು ನಾನೂ ಕೂತೆ.

“ಸರ್ ನಿಯಮ ಮುರಿದ್ರು!”

“ಒಬ್ಬರು ಮುರಿದ್ರೆ ಉಳಿದವರ ಕೆಲಸ ಸಾಗುತ್ತೆ. ಅದೂ ಒಂದು ದಾರಿ. ಆದ್ರೆ ಯಾರು ಮುರೀಬೇಕು ಅಂತ ಯಾರು ಹೇಳೋದು?” ಎಂದಳು ಚಿಕ್ಕಮ್ಮ.

ಮತ್ತೆ ಜಗಳ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನಾನೂ ಒಂದು ಮಾತು ಹೇಳಿದೆ. ಆ ಗದ್ದಲದಲ್ಲಿ ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ಮುಖ್ಯಸ್ಥರು ಮಂಡಿ ಉಜ್ಜಿಕೊಳ್ಳುತ್ತಾ ಮಕ್ಕಳನ್ನೇ ನೋಡುತ್ತಿದ್ದರು. “ಬೇರೆ ತರಗತೀಲಿ ಗಂಟೆಗೆ ಮೊದಲೇ ಬ್ಯಾಗು ಹೆಗಲಿಗೇರಿರುತ್ತೆ,” ಎಂದರು. ಎದ್ದು ಹೊರಟವರು ತಿರುಗಿ, “ಪಾಠ ಇರಲಿ. ನನ್ನನ್ನ ಮಾತ್ರ ಮೊದಲೇ ಕೂರಿಸಿಬಿಡಿ.”

ಬಸ್ಸಿನಲ್ಲಿ ಚಿಕ್ಕಮ್ಮ ಇಬ್ಬರಿಗೂ ಟಿಕೆಟ್ ತೆಗೆದುಕೊಂಡಳು. ಆಮೇಲೆ, “ನೀನೇನೋ ಹೇಳಿದ್ಯಲ್ಲ, ಏನೇ ಅದು?” ಎಂದಳು.

“ಒಂದೊಂದು ಸಲ ಒಬ್ಬೊಬ್ಬರು ಮೊದಲು ಕೂರಲಿ ಅಂದೆ.”

“ಅದನ್ನ ಗಟ್ಟಿಯಾಗಿ ಹೇಳ್ಬಾರದಾ?”

ಮಂಗಳವಾರ ಮುಂದಿನ ತರಗತಿ. ನಾನು ಹೋಗುತ್ತೇನೆ. ಹೇಳಲು ಏನಾದರೂ ಇದ್ದರೆ ಕೈ ಎತ್ತುತ್ತೇನೆ.