ಕೆಂಪು ರಿಬ್ಬನ್ನಿನ ಕುಚ್ಚು

ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೊನ್ನೆ ಈ ಪರದೇಶದ ಜ್ಯಾಕ್ಸನ್ ಹೈಟ್ಸ್ ಪೇಟೆಯ ಸೀರೆ ಅಂಗಡಿಗಳ ಮುಂದೆ ಜಿನುಗುಮಳೆ. ಪಟ್ಟೆಪಟ್ಟೆಯ ಉಣ್ಣೆಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸೊಬ್ಬಳು ಪಕ್ಕದಲ್ಲೇ ಹಾದುಹೋದಳು. ಆಫೀಸಿನ ಟ್ರೇನು ಹೋದರೆ ಹೋಗಲಿ ಎಂದು ಅವಳ ಹಿಂದೆ ಬಿದ್ದೆ. ಹುಚ್ಚು, ಗೊತ್ತು. ಬದುಕಿದ್ದರೆ ಫೆಲಿಸಾ ಆಂಟಿಗೆ ಈಗ ಎಂಬತ್ತು ದಾಟಿರಬೇಕು. ಕಳೆದುಕೊಂಡವರನ್ನು ದಾರಿಹೋಕರಲ್ಲಿ ನೀವೂ ಹುಡುಕಿಲ್ಲವೇ?

ಆಗ ನಾವಿದ್ದದ್ದು ಅಲ್ಲೇ, ಎರಡು ಬೀದಿ ಆಚೆ. ಕೆಳಗಿನ ಕೋಣೆಯಲ್ಲಿ ಫೆಲಿಸಾ ಆಂಟಿ, ಬೊಲಿವಿಯಾದ ಬೆಟ್ಟದ ಮೇಲಿನ ಬಯಲಿನಿಂದ ಬಂದ ಐಮಾರಾ ಬುಡಕಟ್ಟಿನ ಹೆಂಗಸು. ಅವ್ವ ಕೆಲಸಕ್ಕೆ ಹೋದಾಗ ನನ್ನನ್ನೂ ತಮ್ಮನನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ. ತಮ್ಮ ಇಡೀ ದಿನ ಅಂಥದೇ ಪಟ್ಟೆ ಉಣ್ಣೆಬಟ್ಟೆಯಲ್ಲಿ ಅವಳ ಬೆನ್ನಮೇಲೆ. ಒಲೆಯ ಮೇಲೆ ಕಪ್ಪು ಆಲೂಗಡ್ಡೆ ಬೇಯುತ್ತಿತ್ತು. ಹಿಮಕ್ಕೆ ಹರವಿ, ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ಅವಳಕ್ಕ ಊರಿನಿಂದ ಕಳಿಸಿದ್ದು. ಚಹಾ ಕುಡಿಯುವ ಮೊದಲು ಭೂಮಿತಾಯಿಗೆಂದು ಒಂದು ಹನಿ ಹೂಕುಂಡಕ್ಕೆ ಚೆಲ್ಲುತ್ತಿದ್ದಳು. "ನಮ್ಮಾಕಿನ ಬಿಡ ಈಕಿ," ಎನ್ನುತ್ತಿದ್ದಳು ಧಾರವಾಡದ ನಮ್ಮವ್ವ.

ತಮ್ಮನ ಕೂದಲು ಕಣ್ಣಿಗಿಳಿದಿತ್ತು. ಊರಿಗೆ ಹೋಗಿ ಮನೆದೇವರ ಮುಂದೆ ಜಾವಳ ತೆಗೆಸುವವರೆಗೆ ಕತ್ತರಿ ತಾಗಿಸುವಂತಿರಲಿಲ್ಲ. ಆಂಟಿಯ ಜನರೂ ಮೊದಲ ಕೂದಲನ್ನು ಹಾಗೇ ಬೆಳೆಯಬಿಡುತ್ತಾರೆ. ಆಮೇಲೆ ಒಬ್ಬೊಬ್ಬರೂ ಒಂದೊಂದು ಕುಚ್ಚು ಕತ್ತರಿಸುತ್ತಾರೆ, ಕತ್ತರಿಸಿದವರು ಮಗುವಿಗೆ ಸಾಯುವತನಕ ನೆಂಟರು. ಒಂದು ಮಧ್ಯಾಹ್ನ ತನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದಳು: "ಒಂದೇ ಕುಚ್ಚು. ಅಮ್ಮ ಬೇಡ ಅನ್ನಲ್ಲ ಅಲ್ವಾ?" ಎಂಟು ವರ್ಷದ ನಾನು, ಇಲ್ಲೂ ನಮಗೊಬ್ಬಳು ನೆಂಟಳು ಸಿಕ್ಕಳೆಂಬ ಖುಷಿಯಲ್ಲಿ, "ಏನೂ ಅನ್ನಲ್ಲ" ಎಂದು ಓಡಿಹೋಗಿ ಕತ್ತರಿ ತಂದುಕೊಟ್ಟೆ. ಕೆಂಪು ರಿಬ್ಬನ್ ಕಟ್ಟಿ ಕತ್ತರಿಸಿದಳು. ಕಣ್ಣೊರೆಸಿಕೊಂಡಳು.

ಸಂಜೆ ಅವ್ವ ಸಿಟ್ಟಿನಲ್ಲಿ ಇಂಗ್ಲಿಷನ್ನೇ ಮರೆತಳು. "ದೇವರಿಗೆ ಮೀಸಲಿಟ್ಟ ಕೂದಲಾ ಇದು! ಯಾರನ್ನ ಕೇಳಿ ಕತ್ತರಿ ಹಚ್ಚಿದಿ?" ಆಂಟಿ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಛೀ, ಒಂದು ಮಾತು ಆಡಬಾರದಿತ್ತೇ! ಅವಳು ಕುಚ್ಚನ್ನು ಅವ್ವನ ಕೈಗಿತ್ತು ಮೆಟ್ಟಿಲಿಳಿದು ಹೋದಳು.

ಮುಂದೆ ಊರಿಗೆ ಹೋದಾಗ ಜಾವಳದ ತಟ್ಟೆಗೆ ಅವ್ವ ಆ ಕುಚ್ಚನ್ನೂ ರಿಬ್ಬನ್ ಸಮೇತ ಹಾಕಿದಳು. ಸಿಟ್ಟು ಇಳಿದಿತ್ತು. ತಿರುಗಿ ಬಂದವಳೇ ಪ್ರಸಾದ ಹಿಡಿದು ಕೆಳಗೋಡಿದಳು, ಕೋಣೆ ಖಾಲಿ. "ನಾ ಹಂಗ ಅನಬಾರದಿತ್ತು," ಎಂದು ಸಾಯುವತನಕ ಹಲುಬಿದಳು. ಕತ್ತರಿ ಕೊಟ್ಟವಳು ನಾನೆಂದು ಅವಳಿಗೂ ಹೇಳಲಿಲ್ಲ.

ಮೊನ್ನೆಯ ಹೆಂಗಸು ತಿರುಗಿ ನಿಂತಳು. ಎಳೆಯ ಮುಖ. ಬೆನ್ನ ಮೇಲಿನ ಮಗುವಿನ ಕೂದಲು ಕಣ್ಣಿಗಿಳಿದಿತ್ತು. ಏನು ಬೇಕೆಂದು ಕೇಳಿದಳು. ಇಷ್ಟು ವರ್ಷ ಬಾಯಿಪಾಠ ಮಾಡಿಕೊಂಡಿದ್ದ ಮಾತು ಒಂದೇ: ಕತ್ತರಿ ಕೊಟ್ಟವಳು ನಾನು, ತಪ್ಪು ನನ್ನದು. ಅಂದಿನಂತೆಯೇ ನೆಲ ನೋಡಿದೆ.