ದೊಡ್ಡಕ್ಕನಿಗೆ ಬೇರೆ ರೂಮು

ಕಾರ್ತಿಕದ ಎರಡನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಹಿಂದಿನ ಬೀದಿಯ ನನ್ನ ಮನೆ. ಹಾಜರಿದ್ದವರು ನಾಲ್ವರು: ನಾನು, ಹೊನ್ನಾಳಿಗೆ ಕೊಟ್ಟ ನನ್ನ ಮೊದಲ ತಂಗಿ, ನ್ಯಾಮತಿಗೆ ಕೊಟ್ಟ ಎರಡನೆಯವಳು, ಜಗಳೂರಿಗೆ ಕೊಟ್ಟ ಕೊನೆಯವಳು. ಜಗಳೂರಿನವಳು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬರಬೇಕಾದ್ದರಿಂದ ಹದಿನೈದು ನಿಮಿಷ ತಡ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೆಲಸದ ಕಾಲವನ್ನೆಲ್ಲ ವಾರ್ಡನ್ ಆಗಿ ಕಳೆದವಳು ನಾನು. ಹಾಜರಿ ಆಗದೆ ನನ್ನ ಮಾತು ಶುರುವಾಗುವುದಿಲ್ಲ.

ಅಂದಿನ ವಿಷಯ ಒಂದೇ. ಸಂಕ್ರಾಂತಿ ಕಳೆದ ಮೇಲೆ ನಾವು ನಾಲ್ವರೇ ಮೂರು ದಿನ ಮೈಸೂರಿಗೆ ಹೋಗುವುದು ನಾನು ನಿವೃತ್ತಳಾದಾಗಿನಿಂದ ನಡೆದುಬಂದ ರೂಢಿ. ಈ ಸಲ ಎಲ್ಲಿ ಉಳಿಯುವುದು ಎಂದು ತೀರ್ಮಾನಿಸಬೇಕಿತ್ತು. ಏಳು ವರ್ಷವೂ ಲಾಡ್ಜ್ ಆರಿಸಿದವಳು ನಾನೇ. ತೀರಾ ದುಬಾರಿ ಇರಬಾರದು, ತೀರಾ ಅಗ್ಗವೂ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಗಿನ ಐದು ಗಂಟೆಗೆ ಫೋನ್ ಮಾಡಿದರೆ ಎತ್ತಬೇಕು. ಐದಕ್ಕೆ ಫೋನ್ ಎತ್ತುವವರು ಇದ್ದರೆ ಬಿಸಿನೀರೂ ಇರುತ್ತದೆ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ನಾನು ನೀರು ಕೂಡ ಕುಡಿಯುವುದಿಲ್ಲ. ಹೀಗೆ ಪರೀಕ್ಷೆ ಮಾಡಿಯೇ ಊರಾಚೆ ಒಂದು ಲಾಡ್ಜ್ ಹಿಡಿದಿದ್ದೆ. ಎಲ್ಲಿಗೆ ಹೋಗಬೇಕಾದರೂ ಆಟೋ ಬೇಕು ಎನ್ನುವುದನ್ನು ಬಿಟ್ಟರೆ ಅದರಲ್ಲಿ ಕೊರತೆ ಇರಲಿಲ್ಲ.

ಎರಡು ರೂಮು ಹಿಡಿಯುತ್ತಿದ್ದೆವು. ಒಂದರಲ್ಲಿ ನಾನು ಮತ್ತು ಹೊನ್ನಾಳಿಯವಳು, ಇನ್ನೊಂದರಲ್ಲಿ ಚಿಕ್ಕವರಿಬ್ಬರು. ಇದನ್ನು ಯಾರೂ ತೀರ್ಮಾನಿಸಿದ್ದಲ್ಲ. ಚಿಕ್ಕಂದಿನಲ್ಲಿ ಹೊನ್ನಾಳಿಯವಳ ಜಡೆ ಹಾಕಿ ಶಾಲೆಗೆ ಎಳೆದೊಯ್ಯುತ್ತಿದ್ದವಳು ನಾನು. ಒಂದೇ ಹಾಸಿಗೆಯಲ್ಲಿ ಮಲಗಿದವರು. ನಾನು ಮದುವೆಯಾಗಲಿಲ್ಲ, ಅವಳು ಆದಳು, ಅಷ್ಟೆ ವ್ಯತ್ಯಾಸ. ಲಾಡ್ಜಿನಲ್ಲಿ ಒಂಬತ್ತಕ್ಕೆ ದೀಪ ಆರಿಸಿದ ಮೇಲೆ ಹತ್ತು ನಿಮಿಷ ಅವಳು ಕತ್ತಲಲ್ಲಿ ಏನಾದರೂ ಹೇಳುವಳು. ಮಗಳ ಅತ್ತೆಮನೆ, ತನ್ನ ಮಂಡಿನೋವು, ಒಮ್ಮೊಮ್ಮೆ ನಮ್ಮ ಅವ್ವ. ವರ್ಷಕ್ಕೆ ಮೂರು ರಾತ್ರಿ, ಹತ್ತು ಹತ್ತು ನಿಮಿಷ. ನಾನು ಮೈಸೂರಿಗೆ ಹೋಗುತ್ತಿದ್ದದ್ದು ಅದಕ್ಕೇ. ಅರಮನೆಯನ್ನು ಎಷ್ಟು ಸಲ ನೋಡುವುದು?

ಟೀ ಲೋಟ ಕೆಳಗಿಡುವ ಮೊದಲೇ ನ್ಯಾಮತಿಯವಳು ಮೊಬೈಲ್ ತೆಗೆದಳು.

“ಅಕ್ಕಾ, ಈ ಸಲ ನಾನೊಂದು ಹೋಟೆಲ್ ನೋಡೀನಿ. ಊರ ನಡುವೇ ಐತೆ. ಮಾರ್ಕೆಟ್ಟಿಗೆ ಐದು ನಿಮಿಷ, ಅರಮನೆಗೆ ಹತ್ತು ನಿಮಿಷ, ಎಲ್ಲಾ ನಡಕೊಂಡೇ ಹೋಗಾಕೆ ಬರ್ತೈತೆ. ಲಿಫ್ಟ್ ಐತೆ. ಇವಳ ಮಂಡಿಗೂ ಆರಾಮ.”

ಹೊನ್ನಾಳಿಯವಳು ಅವಳ ಹೆಗಲ ಮೇಲೆ ಗದ್ದ ಊರಿ ಫೋಟೋ ನೋಡುತ್ತಿದ್ದಳು. “ಮುಂದಿಂದು ತೋರ್ಸೇ, ಆ ಕಿಟಕಿದು,” ಎಂದಳು. ಮುಂದೆ ಕಿಟಕಿಯ ಫೋಟೋ ಇದೆ ಎಂದು ಅವಳಿಗೆ ಹೇಗೆ ಗೊತ್ತು? ಮೊದಲೇ ನೋಡಿದ್ದಾಳೆ. ಹೊನ್ನಾಳಿಗೂ ನ್ಯಾಮತಿಗೂ ಬಸ್ಸಿನಲ್ಲಿ ಅರ್ಧ ಗಂಟೆ. ಇವಳು ಬಟ್ಟೆ ಹೊಲಿಸಲು ನ್ಯಾಮತಿಗೆ, ಅವಳು ಸಂತೆಗೆ ಹೊನ್ನಾಳಿಗೆ. ನಾನು ಚನ್ನಗಿರಿಯಲ್ಲಿ ಕುಳಿತು ವಾರಕ್ಕೊಮ್ಮೆ, ಬುಧವಾರ ಸಂಜೆ ಏಳಕ್ಕೆ, ಫೋನ್ ಮಾಡುತ್ತೇನೆ. ನನಗೆ ಉರಿಯಿತು. ಅದಕ್ಕೆ ಬೇರೆ ಹೆಸರು ಕೊಡಲಾರೆ, ಹೊಟ್ಟೆಕಿಚ್ಚೇ.

“ಊರ ನಡುವೆ ಅಂದ್ರೆ ಗದ್ದಲ,” ಎಂದೆ. “ಲಿಫ್ಟು ಕೆಟ್ಟರೆ?”

“ನಿನ್ನ ಲಾಡ್ಜಿನಾಗೆ ಲಿಫ್ಟೇ ಇಲ್ಲಲ್ಲಕ್ಕ, ಕೆಡಾಕೆ,” ಎಂದಳು ನ್ಯಾಮತಿಯವಳು.

ಜಗಳೂರಿನವಳು ತಾನು ತಂದ ಶೇಂಗಾ ಹೋಳಿಗೆಯ ಡಬ್ಬಿ ಬಿಚ್ಚುತ್ತ ನಕ್ಕಳು. “ತಾಲ್ಲೂಕು ಆದಾಗಿಂದ ನ್ಯಾಮತಿಯೋರ ಬಾಯಿ ಜೋರಾಗೈತೆ.”

“ಹ್ಞೂಂ ಮತ್ತೆ, ನಮ್ಮೂರಾಗೂ ಈಗ ತಹಸೀಲ್ದಾರ್ ಅದಾರೆ. ನಿಮಗಷ್ಟೇ ಏನು?”

ಮೂವರೂ ನಕ್ಕರು. ನಾನು ಕೊನೆಯ ಅಸ್ತ್ರ ತೆಗೆದೆ. “ನಾಳೆ ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ನೋಡ್ತೀನಿ. ಎತ್ತಿದ್ರೆ ಆಮೇಲೆ ಮಾತು.”

“ಮಾಡಾಯ್ತು,” ಎಂದಳು ನ್ಯಾಮತಿಯವಳು. “ಗುರುವಾರ, ಐದಕ್ಕೇ. ಎರಡನೇ ರಿಂಗಿಗೆ ಎತ್ತಿದ್ರು.”

ಎಂಟು ಗಂಟೆಗೆ ಮುಂಚೆ ಮುಖ ತೊಳೆಯದವಳು ನನ್ನ ಪರೀಕ್ಷೆಯನ್ನು ನನಗೇ ಒಪ್ಪಿಸುತ್ತಿದ್ದಳು. ಲಾಡ್ಜ್ ಹೋಗಲಿ, ಲಾಡ್ಜ್ ಆರಿಸುವ ವಿದ್ಯೆಯನ್ನೂ ತೆಗೆದುಕೊಂಡಳಲ್ಲ ಎನಿಸಿತು. ನಂಬರ್ ಕೊಡು ಎಂದೆ. ಕನ್ನಡಕ ಹುಡುಕುವ ನೆಪದಲ್ಲಿ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಫೋನ್ ಹಚ್ಚಿದೆ. ಉದ್ದೇಶ ಒಳ್ಳೆಯದಿರಲಿಲ್ಲ. ಅವರ ಬಾಯಿಂದ ಒಂದಾದರೂ ‘ಇಲ್ಲ’ ಹೊರಡಿಸಬೇಕಿತ್ತು.

ಎತ್ತಿದವಳು ಹೆಂಗಸು. ಸಂಕ್ರಾಂತಿ ಕಳೆದು ಬರುವ ನಾಲ್ವರು ಹೆಂಗಸರು, ದಾವಣಗೆರೆ ಕಡೆಯವರು ಎಂದೆ. ಐದಕ್ಕಲ್ಲ, ನಾಲ್ಕೂವರೆಗೇ ಬಿಸಿನೀರು ಬೇಕು, ಬರುತ್ತದೆಯೇ ಎಂದು ಕೇಳಿದೆ.

“ಬರುತ್ತೆ ಮೇಡಂ. ನಿಮ್ಮ ಕಡೆಯವರು ಗುರುವಾರವೇ ಹೇಳಿದ್ರಲ್ಲ. ಮೂರು ಜನಕ್ಕೆ ಒಂದು ದೊಡ್ಡ ರೂಮು, ದೊಡ್ಡಕ್ಕನವರಿಗೆ ಮಾತ್ರ ಬೇರೆ ಸಿಂಗಲ್ ರೂಮು. ಅವರಿಗೆ ನಾಲ್ಕೂವರೆಗೆ ನೀರು, ಪೂಜೆಗೆ ಕೂರೋಕೆ ಒಂದು ಮಣೆ. ಬರೆದಿಟ್ಟಿದೀವಿ. ಮಣೆ ಹೊಸದೇ ಕೊಡ್ತೀವಿ, ಅವರಿಗೆ ಹೇಳಿ.”

ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಎರಡು ನಿಮಿಷ ಮಂಚದ ತುದಿಯಲ್ಲಿ ಕುಳಿತೆ. ಹೊಸ ಮಣೆ. ಅದನ್ನು ಕೇಳಿ ಇಡಿಸಿದ್ದು ಪ್ರೀತಿಯೇ ಎಂದು ನನಗೆ ತಿಳಿಯಿತು. ತಿಳಿದು ಉರಿ ಇನ್ನೂ ಹೆಚ್ಚಾಯಿತು. ಹೊರಗೆ ಮತ್ತೆ ನಗು. ಹೊನ್ನಾಳಿಯವಳ ನಗು ಎಲ್ಲಕ್ಕಿಂತ ಎತ್ತರ. ಲಾಡ್ಜಿನ ನಮ್ಮ ರೂಮಿನಲ್ಲಿ ಅವಳು ಯಾವತ್ತೂ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಹೊರಗೆ ಬಂದು ನಿಂತೇ ಕೇಳಿದೆ. “ನನ್ನ ಬೇರೆ ರೂಮಿಗೆ ಹಾಕೀರಂತಲ್ಲ. ಯಾರ ತೀರ್ಮಾನ?”

ನ್ಯಾಮತಿಯವಳು ಬಾಯಿ ತೆರೆದಳು. ಆದರೆ ಮಾತಾಡಿದ್ದು ಹೊನ್ನಾಳಿಯವಳು.

“ನಂದೇ ಅಕ್ಕ.”

“ಯಾಕೆ?”

“ಏಳು ವರ್ಷ ನಾಲ್ಕೂವರೆಗೆ ಎದ್ದೀನಿ. ನೀನು ಎದ್ದ ಕೂಡಲೇ ಟ್ಯೂಬ್‌ಲೈಟ್ ಹಾಕ್ತೀಯ. ಬಕೆಟ್ ದಡ್ ಅಂತ ಇಡ್ತೀಯ. ಆಮೇಲೆ ನನ್ನ ಹೊದಿಕೆ ಮಡಚಾಕೆ ನಿಂತ್ಕೊಂತೀಯ, ನಾನಿನ್ನೂ ಒಳಗೇ ಇರ್ತೀನಿ!”

ಜಗಳೂರಿನವಳು ಹೋಳಿಗೆ ಗಂಟಲಲ್ಲಿ ಸಿಕ್ಕಿ ಕೆಮ್ಮಿದಳು. ಹೊನ್ನಾಳಿಯವಳು ನಗಲಿಲ್ಲ.

“ಮನೆಯಾಗೆ ವರ್ಷವೆಲ್ಲ ಬೇಗ ಏಳ್ತೀನಿ ಅಕ್ಕ. ಮೂರು ದಿನ ಆರರವರೆಗೆ ಮಲಗಾಕೆ ಆಸೆ. ನಿಂಗೆ ಹೆಂಗೆ ಹೇಳಾದು? ಅದಕ್ಕೆ ರೂಮೇ ಬೇರೆ ಮಾಡಿದ್ವಿ. ನಿಂಗೂ ಪೂಜೆಗೆ ಸದ್ದಿಲ್ಲದ ಜಾಗ ಆಯ್ತು.”

ಹಳೆಯ ಲಾಡ್ಜಿಗೇ ಹೋಗೋಣ ಎಂದು ಹಟ ಹಿಡಿದಿದ್ದರೆ ಅವರು ಬರುತ್ತಿದ್ದರು. ಇಂದಿಗೂ ನನ್ನ ಮಾತನ್ನು ತೆಗೆದುಹಾಕುವವರಲ್ಲ. ನನ್ನ ರೂಮಿನಲ್ಲೇ ಅವಳನ್ನು ಮಲಗಿಸಿಕೊಂಡೂ ಬಿಡಬಹುದಿತ್ತು. ಆದರೆ ದೀಪ ಆರಿಸಿದ ಮೇಲೆ ಅವಳು ಏನೂ ಹೇಳದೆ ಗೋಡೆ ಕಡೆ ತಿರುಗಿದರೆ? ಅದಕ್ಕೆ ನನ್ನ ಬಳಿ ನಿಯಮ ಇರಲಿಲ್ಲ.

ಬೇರೆ ರೂಮಿನ ಚಿತ್ರವೂ ಕಣ್ಣ ಮುಂದೆ ಬಂತು. ಹೊಸ ಮಣೆ, ಒಂಟಿ ಮಂಚ, ಗೋಡೆಯಾಚೆ ಮೂವರ ಮಾತು. ಬೆಳಿಗ್ಗೆ ತಿಂಡಿಗೆ ಕೂತಾಗ ರಾತ್ರಿಯ ಯಾವುದೋ ಮಾತಿಗೆ ಅವರು ಮತ್ತೆ ನಗುವುದು, ಏನೆಂದು ನಾನು ಕೇಳುವುದು, “ಏನಿಲ್ಲ ಬಿಡಕ್ಕ” ಎನ್ನುವುದು. ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ. ದೊಡ್ಡ ಮನಸ್ಸು ಮಾಡಿದೆ ಎಂದು ಬರೆಯಲಾರೆ. ಕಿಚ್ಚಿಗೆ ಸೋತೆ.

ಅವರೆದುರೇ ಮತ್ತೆ ಫೋನ್ ಹಚ್ಚಿದೆ. “ಸಿಂಗಲ್ ರೂಮ್ ಬೇಡಮ್ಮ. ದೊಡ್ಡ ರೂಮಿನಾಗೆ ಇನ್ನೊಂದು ಹಾಸಿಗೆ ಹಾಕಾಕೆ ಬರ್ತೈತಾ?” ಬರುತ್ತದೆ, ಆದರೆ ನೆಲದ ಮೇಲೆ ಎಂದಳು. ಆಗಲಿ ಎಂದೆ. ಮಣೆ ಇರಲಿ ಎಂದೂ ಹೇಳಿದೆ.

ನ್ಯಾಮತಿಯವಳು ಬೆರಳೆತ್ತಿದಳು. “ಆರರ ತನಕ ಲೈಟ್ ಹಾಕಂಗಿಲ್ಲ. ಬಕೆಟ್ ಸದ್ದು ಬರಂಗಿಲ್ಲ. ಯಾರ ಹೊದಿಕೆಗೂ ಕೈ ಹಾಕಂಗಿಲ್ಲ. ನಿನ್ನ ರಿಜಿಸ್ಟರ್‌ನಾಗೆ ಬರ್ಕೊ.”

“ಬರ್ಕೊಂಡೆ. ನನ್ನ ಹಾಸಿಗೆ ಇವಳ ಮಂಚದ ಪಕ್ಕ. ಅದನ್ನೂ ಬರ್ಕೊಂಡೆ,” ಎಂದು ಹೊನ್ನಾಳಿಯವಳ ಕಡೆ ಕೈ ತೋರಿದೆ.

“ಅಲ್ಲಕ್ಕ, ಅಲ್ಲಿ ನಾನು—”

“ನೀನು ಅವಳನ್ನ ವಾರಕ್ಕೆರಡು ಸಲ ನೋಡ್ತೀಯ. ನಾನು ನೋಡ್ತೀನಾ?”

ನಾನು ಎಣಿಸಿದ್ದಕ್ಕಿಂತ ದನಿ ಎತ್ತರವಾಯಿತು. ಹೊನ್ನಾಳಿಯವಳು ನನ್ನ ತಣ್ಣಗಾದ ಲೋಟ ಎತ್ತಿಕೊಂಡು ಟೀ ಬಿಸಿ ಮಾಡಲು ಒಳಗೆ ಹೋದಳು.

ಊಟ ಒಂದಕ್ಕೆ. ನಾಲ್ಕರ ಹೊತ್ತಿಗೆ ಮೂವರನ್ನೂ ಬಸ್‌ಸ್ಟ್ಯಾಂಡಿಗೆ ಬಿಟ್ಟೆ. ಜಗಳೂರಿನವಳು ದಾವಣಗೆರೆ ಬಸ್ಸಿಗೆ, ಉಳಿದಿಬ್ಬರೂ ಒಂದೇ ಬಸ್ಸಿಗೆ. ಕಿಟಕಿಯಲ್ಲಿ ಅವರಿಬ್ಬರ ತಲೆ ಒಂದಕ್ಕೊಂದು ತಾಗಿಕೊಂಡಿದ್ದನ್ನು ಬಸ್ಸು ತಿರುಗುವ ತನಕ ನೋಡಿದೆ.

ಸಂಜೆ ಏಳಕ್ಕೆ, ಮೈಸೂರಿಗೆ ಒಯ್ಯುವ ಪೂಜೆಯ ಪೆಟ್ಟಿಗೆ ಇಳಿಸಿದೆ. ದೀಪ ಆರಿಸಿ ನೆಲದ ಮೇಲೆ ಹಾಸಿಕೊಂಡು ಮಲಗಿದೆ, ನಾಲ್ಕೂವರೆ ಆಯಿತೆಂದುಕೊಂಡು ಎದ್ದೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಕೆಟ್ಟನ್ನು ಎರಡು ಕೈಯಲ್ಲಿ ಇಳಿಸಿ ವಾಪಸ್ಸು ಬಂದೆ. ಮಣೆ, ವಿಭೂತಿ, ನೀರಿನ ಬಟ್ಟಲು, ಒಂದೊಂದನ್ನೂ ಮುಟ್ಟಿ ನೋಡಿ ಇಟ್ಟೆ. ಮೊದಲ ಸಲ ಬಟ್ಟಲು ಮಣೆಗೆ ತಾಗಿ ಠಣ್ ಎಂದಿತು. ಎರಡನೇ ಸಲ ಬಕೆಟ್ಟಿನ ಹಿಡಿ ಬಿತ್ತು. ಹಿಡಿಗೆ ಹಳೆಯ ಬಟ್ಟೆ ಸುತ್ತಿದೆ. ಮೂರನೇ ಸಲ ಹಾಸಿಗೆಯಿಂದ ಮಣೆಯವರೆಗೆ ಏನೂ ಸದ್ದಾಗಲಿಲ್ಲ. ದೀಪ ಹಾಕಿ, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಮೇಲಿಟ್ಟೆ.